ಆಕ್ಸಲ್ ಬೂಟಿಗೆ ಯಾವ ಕ್ಲಾಂಪ್? ದಾರ ಸುತ್ತಿ ಅಳತೆ ತೆಗೆದೆ

ಎಡಗಡೆ ಮುಂದಿನ ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿತ್ತು. ರಿಮ್ಮಿನ ಒಳಗೆ, ಶಾಕ್ ಅಬ್ಸಾರ್ಬರ್‌ನ ಬುಡಕ್ಕೆ, ಬ್ರೇಕ್ ಹೋಸ್ ಮೇಲೆ, ಎಲ್ಲಾ ಒಂದೇ ಗೆರೆಯಲ್ಲಿ. ಗಾಡಿ 2009ರ ಮಾರುತಿ ಆಲ್ಟೊ. ಇರೋದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ತೋಟಕ್ಕೆ ಹೋಗಿಬರುವ ನಾಲ್ಕು ಕಿಲೋಮೀಟರ್ ಕೆಮ್ಮಣ್ಣಿನ ದಾರಿ ಅದಕ್ಕೆ ದಿನಾ ಇದ್ದದ್ದೇ, ಮಳೆಗಾಲದಲ್ಲಿ ಆ ದಾರಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಮೊದಲು ಅನಿಸಿದ್ದು ಬೂಟ್ ಹರಿದಿದೆ ಅಂತ. ಬೂಟ್ ಅಂದ್ರೆ ಗೇರ್‌ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ಆಕ್ಸಲ್ಲಿನ ಜಾಯಿಂಟನ್ನು ಮುಚ್ಚಿ, ಗ್ರೀಸ್ ಹಿಡಿದಿಡುವ ಮಡಿಕೆ ಮಡಿಕೆಯ ರಬ್ಬರ್ ಚೀಲ. ಅದರ ಎರಡೂ ಬಾಯಿಯನ್ನು ಬಿಗಿಯುವ ಪಟ್ಟಿಯೇ ಕ್ಲಾಂಪ್. ಜಾಕಿ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ಬೂಟಿನ ಪ್ರತಿ ಮಡಿಕೆಯನ್ನೂ ಬೆರಳಲ್ಲಿ ಬಿಡಿಸಿ ನೋಡಿದೆ. ಎಲ್ಲೂ ಹರಿದಿಲ್ಲ. ಹರಿಯುವ ವಯಸ್ಸೂ ಅಲ್ಲ ಅದಕ್ಕೆ, ಹಾಕಿಸಿ ಎಂಟು ತಿಂಗಳಾಗಿತ್ತು ಅಷ್ಟೆ. ಗ್ರೀಸ್ ಬರ್ತಿದ್ದದ್ದು ಬೂಟಿನ ದೊಡ್ಡ ಬಾಯಿಯಿಂದ, ಅಂದ್ರೆ ಚಕ್ರದ ಕಡೆಯ ಸಿವಿ ಜಾಯಿಂಟನ್ನು (ಬಗ್ಗಿದರೂ ತಿರುಗುತ್ತಲೇ ಇರುವ ಕೀಲು) ಅಪ್ಪಿ ಹಿಡಿದಿರುವ ಅಂಚಿನಿಂದ. ಅಲ್ಲಿ ಇದ್ದದ್ದು ಸ್ಕ್ರೂ ಇರುವ ಹೋಸ್ ಕ್ಲಿಪ್. ರೇಡಿಯೇಟರ್ ಪೈಪಿಗೆ ಹಾಕ್ತಾರಲ್ಲ, ಅದೇ.

ಬಟ್ಟೆಯಲ್ಲಿ ಒರೆಸಿ ಚಕ್ರದ ಹಬ್ಬನ್ನು ನಿಧಾನಕ್ಕೆ ಕೈಯಲ್ಲಿ ತಿರುಗಿಸುತ್ತಾ ನೋಡಿದೆ. ಬೂಟಿನ ಸುತ್ತ ಎಲ್ಲಾ ಕಡೆ ಒಣಗಿತ್ತು, ಒಂದೇ ಒಂದು ಜಾಗ ಬಿಟ್ಟು. ಕ್ಲಿಪ್ಪಿನ ಸ್ಕ್ರೂ ಕೂತಿರುವ ಪೆಟ್ಟಿಗೆಯ ಕೆಳಗೆ, ಪಟ್ಟಿ ಸ್ವಲ್ಪ ಎದ್ದು ಸೇತುವೆ ಥರ ನಿಲ್ಲುವ ಆ ಅರ್ಧ ಇಂಚಿನಲ್ಲಿ, ರಬ್ಬರ್ ಒತ್ತಿಸಿಕೊಂಡೇ ಇರಲಿಲ್ಲ. ಗ್ರೀಸ್ ದಾರಿ ಮಾಡಿಕೊಂಡದ್ದು ಅಲ್ಲೇ. ಗ್ರೀಸ್ ಹೊರಗೆ ಬರುವ ದಾರಿಯಲ್ಲೇ ನೀರು, ಮಣ್ಣು ಒಳಗೆ ಹೋಗೋದು. ಬೆರಳಿಗೆ ಹತ್ತಿದ ಗ್ರೀಸನ್ನು ಉಜ್ಜಿ ನೋಡಿದರೆ ಸಣ್ಣಗೆ ಕರಕರ ಅಂತಿತ್ತು. ಆಗಲೇ ಗೊತ್ತಾಯ್ತು, ಸುಮ್ನೆ ಕ್ಲಾಂಪ್ ಬದಲಾಯಿಸಿದರೆ ಸಾಲದು, ಜಾಯಿಂಟ್ ಒಳಗೆ ತೊಳೆಯಲೇಬೇಕು.

ಪುಣ್ಯಕ್ಕೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದಾಗ ಬರುವ ಕಟಕಟ ಸದ್ದು ಇನ್ನೂ ಶುರುವಾಗಿರಲಿಲ್ಲ. ಆ ಸದ್ದು ಬಂತು ಅಂದ್ರೆ ಒಳಗೆ ಗುಂಡುಗಳು ಓಡಾಡುವ ಕಾಲುವೆಗಳು ತಿಂದುಹೋಗಿವೆ ಅಂತ ಅರ್ಥ, ಆಮೇಲೆ ಎಷ್ಟು ಒಳ್ಳೆ ಗ್ರೀಸ್ ತುಂಬಿದರೂ ಅದು ವಾಪಸ್ ಬರಲ್ಲ.

ಇಷ್ಟಕ್ಕೂ ಆ ಸ್ಕ್ರೂ ಕ್ಲಿಪ್ ಯಾಕೆ ಆಗಲ್ಲ? ನೀರಿನ ಪೈಪಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಪೈಪ್ ತಿರುಗುವುದಿಲ್ಲ. ಆಕ್ಸಲ್ ತಿರುಗುತ್ತದೆ. ನನ್ನ ಗಾಡಿಯ ಟೈರ್ 145/80 ಆರ್12, ಅದರ ಸುತ್ತಳತೆ ಸುಮಾರು 1.69 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋದರೆ ಆಕ್ಸಲ್ ನಿಮಿಷಕ್ಕೆ ಹತ್ತಿರ ಹತ್ತಿರ 590 ಸುತ್ತು ತಿರುಗುತ್ತದೆ. ಒಂದೇ ಪಕ್ಕಕ್ಕೆ ಭಾರ ಇರುವ ಆ ಸ್ಕ್ರೂ ಪೆಟ್ಟಿಗೆ ಪ್ರತಿ ಸುತ್ತಿಗೂ ಹೊರಗೆ ಎಳೆಯುತ್ತಾ ಇರುತ್ತದೆ, ಮಣ್ಣು ಮೆತ್ತಿದರೆ ಇನ್ನೂ ಜಾಸ್ತಿ. ಪಟ್ಟಿಯಲ್ಲಿ ಸ್ಕ್ರೂ ಹಲ್ಲು ಕೂರಲು ಸೀಳುಗಳಿರುತ್ತವೆ, ಬಿಗಿ ಮಾಡಿದಷ್ಟೂ ಮೆತ್ತನೆಯ ರಬ್ಬರ್ ಆ ಸೀಳುಗಳ ಒಳಗೆ ಉಬ್ಬಿಕೊಂಡು ಅಂಚಿನಲ್ಲಿ ಕತ್ತರಿಸಿಕೊಳ್ಳುತ್ತದೆ. ನನ್ನ ಬೂಟಿನ ಮೇಲೆ ಆ ಗೀರುಗಳು ಬಾಚಣಿಗೆ ಒತ್ತಿದ ಹಾಗೆ ಸಾಲಾಗಿ ಮೂಡಿದ್ದವು. ಎರಡು ಮೂರು ಕಡೆ ಉಗುರು ಸಿಗುವಷ್ಟು ಆಳ. ಹಾಗಾಗಿ ಹರಿಯದ ಬೂಟನ್ನೂ ಎಸೆಯಬೇಕಾಯಿತು, ಅದೇ ನನಗೆ ಜಾಸ್ತಿ ಬೇಜಾರಾದ ವಿಷಯ.

ಹಾಕಿಕೊಟ್ಟವರನ್ನು ಹೋಗಿ ಕೇಳಿದೆ. ಕಿಟ್ಟಿನ ಜೊತೆ ಬಂದ ಕ್ಲಾಂಪ್ ಬಿಗಿ ಮಾಡುವಾಗ ತುಂಡಾಯಿತಂತೆ, ಕೈಗೆ ಸಿಕ್ಕಿದ್ದನ್ನು ಹಾಕಿದರಂತೆ. "ಎಲ್ಲಾ ಗಾಡಿಗೂ ಇದೇ ಹಾಕ್ತೀವಿ ಸಾರ್, ಏನೂ ಆಗಲ್ಲ" ಅಂದರು. ವಾದ ಮಾಡಲಿಲ್ಲ. ಇನ್ನು ಈ ಕೆಲಸ ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಒಂದು ಬೂಟ್ ಬದಲಾಯಿಸಲು ನಾಲ್ಕು ಕ್ಲಾಂಪ್ ಬೇಕು ಅನ್ನೋದು ನನಗೆ ಆಮೇಲೆ ಹೊಳೆದದ್ದು. ಈ ಗಾಡಿಯಲ್ಲಿ ಚಕ್ರದ ಕಡೆಯ ಜಾಯಿಂಟನ್ನು ಶಾಫ್ಟಿನಿಂದ ಬಿಡಿಸಬೇಡಿ ಅಂತ ಸರ್ವಿಸ್ ಮ್ಯಾನುಯಲ್ಲೇ ಹೇಳುತ್ತದೆ. ಹಾಗಾಗಿ ಗೇರ್‌ಬಾಕ್ಸ್ ಕಡೆಯ ಜಾಯಿಂಟ್ ಬಿಚ್ಚಿ, ಆ ತುದಿಯಿಂದ ಹಳೆ ಬೂಟನ್ನು ಎಳೆದು ಹೊಸದನ್ನು ತೂರಿಸಬೇಕು. ಅಂದ್ರೆ ಗೇರ್‌ಬಾಕ್ಸ್ ಕಡೆಯ ಜಾಯಿಂಟಿಗಿರುವ ಒಳಗಿನ ಬೂಟ್ ಎಷ್ಟೇ ಚೆನ್ನಾಗಿದ್ದರೂ ಅದರ ಎರಡು ಕ್ಲಾಂಪ್ ಕತ್ತರಿಸಲೇಬೇಕು. ಕತ್ತರಿಸಿದ ಕ್ಲಾಂಪ್ ಮತ್ತೆ ಬಳಸೋ ಹಾಗಿಲ್ಲ. ಅಂಗಡಿಗೆ ಎರಡು ಸಲ ಓಡಾಡುವ ಮೊದಲು ಇದನ್ನು ಲೆಕ್ಕ ಹಾಕಿಕೊಳ್ಳಿ. ಹೇಗೂ ಒಳಗಿನದನ್ನೂ ಬಿಚ್ಚುತ್ತೀನಲ್ಲ, ಆ ಬೂಟ್ ಹಾಕಿ ಹದಿನೈದು ವರ್ಷದ ಮೇಲಾಗಿದೆ ಅಂತ ಅದನ್ನೂ ಹೊಸದೇ ತಂದೆ.

ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಬೂಟ್ ಕಿಟ್ ಸಿಕ್ಕಿತು. ಕಿಟ್ ಒಳಗೆ ಬೂಟ್, ಒಂದು ಪೊಟ್ಟಣ ಕಪ್ಪು ಗ್ರೀಸ್, ಸರ್‌ಕ್ಲಿಪ್ (ಜಾಯಿಂಟ್ ಕಳಚದ ಹಾಗೆ ತಡೆಯುವ ತಂತಿಬಳೆ), ಜೊತೆಗೆ ಎರಡು ತೆಳು ತಗಡಿನ ಪಟ್ಟಿ. ಈ ಪಟ್ಟಿಯನ್ನು ಸುತ್ತಿ, ತುದಿ ಎಳೆದು, ಹಿಂದಕ್ಕೆ ಮಡಿಸಿ, ಮೇಲೆ ಎರಡು ಕಿವಿ ತಟ್ಟಿ ಕೂರಿಸಬೇಕು. ಹಳೆ ಜಪಾನಿ ಗಾಡಿಗಳಿಗೆಲ್ಲ ಬರ್ತಿದ್ದದ್ದು ಇದೇ ನಮೂನೆ. ಒಳ್ಳೆಯ ತಗಡಾಗಿದ್ದರೆ ಇದು ಕೆಟ್ಟದ್ದಲ್ಲ, ತೆಳ್ಳಗೆ ಚಪ್ಪಟೆಯಾಗಿ ಕೂರುತ್ತದೆ, ಒಂದು ಕಡೆ ಭಾರ ಬೀಳಲ್ಲ. ಒಂದು ನಿಯಮ ಮಾತ್ರ ಮರೆಯಬಾರದು, ಮಡಿಸುವಾಗ ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೆ ಎದುರಾಗಿ ಮಡಿಸಬೇಕು. ಇಲ್ಲದಿದ್ದರೆ ತುದಿಗೆ ಏನಾದರೂ ತಗುಲಿ ಮಡಿಕೆ ಬಿಚ್ಚಿಕೊಳ್ಳುತ್ತದೆ. ಆದರೆ ನನ್ನ ಕಿಟ್ಟಿನಲ್ಲಿದ್ದ ಪಟ್ಟಿಯನ್ನು ಕೈಯಲ್ಲಿ ಬಗ್ಗಿಸಿದರೆ ಬಿಸ್ಕೆಟ್ ಡಬ್ಬಿಯ ತಗಡಿನಷ್ಟು ಸಲೀಸಾಗಿ ಬಗ್ಗಿತು, ಒಂದು ಮೂಲೆಯಲ್ಲಿ ಆಗಲೇ ತುಕ್ಕಿನ ಚುಕ್ಕೆ. ಇಂಥ ಪಟ್ಟಿಯೇ ಕಳೆದ ಸಲ ತುಂಡಾಗಿರಬೇಕು ಅನಿಸಿತು. ಅದನ್ನು ಪಕ್ಕಕ್ಕಿಟ್ಟೆ.

ನನಗೆ ಬೇಕಿದ್ದದ್ದು ಸ್ಟೇನ್‌ಲೆಸ್ ಸ್ಟೀಲಿನ ಕಿವಿ ಕ್ಲಾಂಪ್. ಪಟ್ಟಿಯ ಮೇಲೆ ಒಂದು ಕಡೆ ಪುಟ್ಟ ಗೋಪುರದ ಹಾಗೆ ಎದ್ದಿರುತ್ತದೆ, ಅದೇ ಕಿವಿ. ಇಕ್ಕಳದಲ್ಲಿ ಆ ಕಿವಿಯ ಎರಡು ಕಾಲುಗಳನ್ನು ಹತ್ತಿರ ತಂದರೆ ಪಟ್ಟಿ ಬಿಗಿಯಾಗುತ್ತದೆ. ಈಗಿನ ಗಾಡಿಗಳಲ್ಲಿ ಕಂಪನಿಯಿಂದಲೇ ಇದು ಬರೋದು ಜಾಸ್ತಿ. ಇದರಲ್ಲೂ ಎರಡು ಥರ ಇದೆ. ಒಂದು ಪೂರ್ತಿ ಬಳೆ ಥರ ಮುಚ್ಚಿಕೊಂಡಿರುವುದು, ಅದನ್ನು ಶಾಫ್ಟ್ ಬಿಚ್ಚಿದಾಗಲೇ ತೂರಿಸಿಟ್ಟುಕೊಳ್ಳಬೇಕು, ಬೂಟಿನ ಅಂಚಿನ ಏಣನ್ನು ದಾಟಿಸಲು ಒದ್ದಾಡಬೇಕು. ಇನ್ನೊಂದು ಕೊಕ್ಕೆ ಇರುವುದು, ತೆರೆದ ಪಟ್ಟಿಯನ್ನು ಸುತ್ತಿ ಕೊಕ್ಕೆ ಸಿಕ್ಕಿಸಿ ಆಮೇಲೆ ಕಿವಿ ಒತ್ತಬಹುದು. ಮನೆಯಲ್ಲಿ ಮಾಡುವವರಿಗೆ ಎರಡನೆಯದೇ ಸರಿ. ಒತ್ತುವಾಗ ತಪ್ಪಿದರೆ ಕತ್ತರಿಸಿ ಇನ್ನೊಂದು ಹಾಕಬಹುದು, ಆಕ್ಸಲ್ ಮತ್ತೆ ಬಿಚ್ಚುವ ಕೆಲಸ ಇರಲ್ಲ.

ಈಗ ಅಳತೆ. ಇಲ್ಲೇ ಎಲ್ಲರೂ ಎಡವುವುದು, ನಾನೂ ಮೊದಲು ದವಡೆಯಲ್ಲಿ ಕಚ್ಚಿ ಅಳೆಯುವ ವರ್ನಿಯರ್ ಹಿಡಿದು ಅಳೆದು ಮೂರು ಸಲ ಮೂರು ಉತ್ತರ ಪಡೆದೆ. ಕಾರಣ ಸರಳ. ರಬ್ಬರ್ ಮೆತ್ತಗಿದೆ, ವರ್ನಿಯರ್‌ನ ದವಡೆ ಎಷ್ಟು ಒತ್ತುತ್ತದೋ ಅಷ್ಟು ಒಳಗೆ ಹೋಗುತ್ತದೆ. ಮೇಲಾಗಿ ಬೂಟನ್ನು ಜಾಯಿಂಟಿನ ಮೇಲೆ ಕೂರಿಸದೆ ಖಾಲಿ ಇಟ್ಟು ಅಳೆದರೆ ಆ ಅಳತೆಗೆ ಅರ್ಥವೇ ಇಲ್ಲ, ಕೂರಿಸಿದಾಗ ಅದು ಹಿಗ್ಗುತ್ತದೆ.

ಅಮ್ಮನ ಹೊಲಿಗೆ ಡಬ್ಬಿಯಿಂದ ದಪ್ಪ ದಾರ ತಂದೆ. ಹೊಸ ಬೂಟಿನ ದೊಡ್ಡ ಬಾಯಿಯನ್ನು ಒರೆಸಿದ ಜಾಯಿಂಟಿನ ಮೇಲೆ ಕೂರಿಸಿದೆ. ಕ್ಲಾಂಪ್ ಕೂರುವ ಕಾಲುವೆಯಲ್ಲಿ ದಾರವನ್ನು ಒಂದೇ ಒಂದು ಸುತ್ತು, ಎಳೆಯದೆ, ಸುಮ್ನೆ ತಾಗುವಷ್ಟು ಸುತ್ತಿ, ಎರಡು ಎಳೆ ಸೇರುವ ಜಾಗದಲ್ಲಿ ಪೆನ್ನಿನಿಂದ ಒಂದು ಗೀಟು ಹಾಕಿದೆ. ಬಿಚ್ಚಿ ಸ್ಕೇಲಿನ ಮೇಲೆ ಹಾಸಿದರೆ ಗೀಟಿನಿಂದ ಗೀಟಿಗೆ 220 ಮಿಲಿಮೀಟರ್. 3.14ರಿಂದ ಭಾಗಿಸಿದರೆ 70. ಸಣ್ಣ ಬಾಯಿಗೆ 82 ಮಿಲಿಮೀಟರ್ ಬಂತು, ಅಂದ್ರೆ ವ್ಯಾಸ 26. ಇದು ನಾನು ತಂದ ಬೂಟಿನ ಅಳತೆ. ಅದೇ ಗಾಡಿಗೆ ಬೇರೆ ಕಂಪನಿಯ ಬೂಟ್ ತಂದರೆ ರಬ್ಬರ್ ದಪ್ಪ ಬೇರೆ ಇರುತ್ತದೆ, ಆಗ ಈ ಅಂಕಿ ನಿಮಗೆ ಉಪಯೋಗಕ್ಕೆ ಬರಲ್ಲ, ದಾರ ಮಾತ್ರ ಉಪಯೋಗಕ್ಕೆ ಬರುತ್ತದೆ. ದಾರದಲ್ಲಿ ಅಳೆಯುವುದರ ಒಳ್ಳೆಯದೇನು ಅಂದ್ರೆ ಸುತ್ತಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಾದರೂ ವ್ಯಾಸದಲ್ಲಿ ಆಗುವ ತಪ್ಪು ಅದರ ಮೂರನೇ ಒಂದು ಭಾಗ ಮಾತ್ರ.

ಮುಂದಿನ ಪ್ರಶ್ನೆ, 70ರ ಬೂಟಿಗೆ ಎಷ್ಟರ ಕ್ಲಾಂಪ್? 70 ಅಂತ ಬರೆದಿರುವುದನ್ನೇ ತರೋಣ ಅನಿಸುತ್ತದೆ ಅಲ್ವಾ? ಕ್ಲಾಂಪಿನ ಮೇಲೆ ಸಾಮಾನ್ಯವಾಗಿ ಬರೆದಿರುವುದು ತೆರೆದಾಗಿನ ವ್ಯಾಸ, ಒತ್ತಿದ ಮೇಲಿನದ್ದಲ್ಲ. ಕಿವಿ ಒತ್ತಿದಾಗ ಎಷ್ಟು ಕುಗ್ಗುತ್ತದೆ ಅನ್ನೋದು ಕಿವಿಯ ಅಗಲದ ಮೇಲೆ ನಿಂತಿದೆ. ಕಿವಿಯ ಒಳಗಿನ ಅಗಲ 10 ಮಿಲಿಮೀಟರ್ ಇದ್ದರೆ, ಪೂರ್ತಿ ಒತ್ತಿದಾಗ ಸುತ್ತಳತೆ 10 ಕಡಿಮೆಯಾಗುತ್ತದೆ, ವ್ಯಾಸ 3.2 ಕಡಿಮೆಯಾಗುತ್ತದೆ. ಅದಕ್ಕೇ ಡಬ್ಬಿಯ ಮೇಲೆ 21ರ ಕ್ಲಾಂಪಿಗೆ 17.8ರಿಂದ 21 ಅಂತ ಬರೆದಿರೋದು. ಬಿಗಿಯಾಗಿ ಕೂತಾಗಿನ ಅಳತೆ ಈ ವ್ಯಾಪ್ತಿಯ ನಡುವೆ ಎಲ್ಲೋ ಬರಬೇಕು. ಒಂದು ಕೊನೆಗೆ ಬಂದರೆ ಕಿವಿ ಪೂರ್ತಿ ಮುಚ್ಚಿದರೂ ಸಡಿಲ, ಇನ್ನೊಂದು ಕೊನೆಗೆ ಬಂದರೆ ಕಿವಿ ಅರ್ಧವೂ ಮುಚ್ಚದೆ ಸುಮ್ನೆ ಎದ್ದು ನಿಂತಿರುತ್ತದೆ.

ರಬ್ಬರ್ ಒತ್ತಿಸಿಕೊಂಡು ಅರ್ಧ ಮಿಲಿಮೀಟರಿನಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಿದೆ. ದೊಡ್ಡ ಬಾಯಿ 69.5ಕ್ಕೆ ನಿಲ್ಲಬೇಕು, ಅದಕ್ಕೆ 71ರ ಕ್ಲಾಂಪ್, ಅದರ ವ್ಯಾಪ್ತಿ 67.8ರಿಂದ 71, ನಡು 69.4. ಸಣ್ಣ ಬಾಯಿ 25.5ಕ್ಕೆ ನಿಲ್ಲಬೇಕು, ಅದಕ್ಕೆ 27ರದ್ದು. ಒಳಗಿನ ಬೂಟಿಗೂ ಹೀಗೇ ದಾರ ಸುತ್ತಿ ಇನ್ನೆರಡು ಅಳತೆ ಬರೆದುಕೊಂಡೆ.

ಪಟ್ಟಿಯ ಅಗಲವನ್ನೂ ನೋಡಬೇಕು. ಬೂಟಿನ ಕಾಲುವೆ 8 ಮಿಲಿಮೀಟರ್ ಅಗಲ ಇತ್ತು, ಅದಕ್ಕೆ 7ರ ಪಟ್ಟಿ ಸರಿ. 9 ಅಥವಾ 10ರ ಪಟ್ಟಿ ತಂದರೆ ಅದು ಕಾಲುವೆಯ ಏಣಿನ ಮೇಲೆ ಹತ್ತಿ ಕೂರುತ್ತದೆ, ಮೇಲಿಂದ ಬಿಗಿಯಾಗಿ ಕಾಣುತ್ತದೆ, ಕೆಳಗೆ ಒತ್ತಡವೇ ಇರಲ್ಲ. ಕೆಲವು ಕ್ಲಾಂಪುಗಳ ಮೇಲೆ 706ಆರ್ ಅಂತ ಅಚ್ಚು ಇರುತ್ತದೆ. 7 ಮಿಲಿಮೀಟರ್ ಅಗಲ, 0.6 ಮಿಲಿಮೀಟರ್ ದಪ್ಪ, ಆರ್ ಅಂದ್ರೆ ಸ್ಟೇನ್‌ಲೆಸ್. ಇದು ಗೊತ್ತಿದ್ದರೆ ಅಂಗಡಿಯಲ್ಲಿ ರಾಶಿಯೊಳಗಿಂದ ಹುಡುಕುವುದು ಸಲೀಸು.

ಬೂಟ್ ಯಾವುದರದ್ದು ಅನ್ನೋದೂ ಮುಖ್ಯ. ನನ್ನದು ಮಾಮೂಲಿ ರಬ್ಬರ್, ಮಂಕಾಗಿ ಕಪ್ಪಗೆ ಇರುತ್ತದೆ, ಹಿಂಡಿದರೆ ಮಡಿಸಿಕೊಳ್ಳುತ್ತದೆ. ಹೊಸ ಗಾಡಿಗಳಲ್ಲಿ ಗಟ್ಟಿ ಪ್ಲಾಸ್ಟಿಕ್ ಥರದ ಬೂಟ್ ಬರುತ್ತದೆ, ಸ್ವಲ್ಪ ಹೊಳಪು, ಉಗುರಿನಲ್ಲಿ ತಟ್ಟಿದರೆ ಟಕ್ ಅನ್ನುತ್ತದೆ, ಹಿಂಡಿ ಬಿಟ್ಟರೆ ಥಟ್ಟನೆ ಮೊದಲಿನ ಆಕಾರಕ್ಕೆ ಬರುತ್ತದೆ. ಆ ಗಟ್ಟಿ ಬೂಟಿಗೆ ತೆಳು ಮಡಿಕೆ ಪಟ್ಟಿ ಸಾಲುವುದೇ ಇಲ್ಲ, ಅದು ಬಗ್ಗಿ ಕೂರಬೇಕಾದರೆ ತುಂಬಾ ಒತ್ತಡ ಬೇಕು, ಬಲವಾದ ಕಿವಿ ಕ್ಲಾಂಪೇ ಆಗಬೇಕು. ಪ್ಲಾಸ್ಟಿಕ್ ಟೈ ಕಟ್ಟಿರುವುದನ್ನೂ ನೋಡಿದ್ದೇನೆ. ಬ್ರೇಕಿನ ಬಿಸಿ ಒಂದು ಕಡೆ, ಗ್ರೀಸ್ ಇನ್ನೊಂದು ಕಡೆ, ಅದು ಸಡಿಲಾಗಿ ಜಾರದೆ ಇರುವುದು ಹೇಗೆ? ದಾರಿ ಮಧ್ಯೆ ಮನೆ ಮುಟ್ಟಲು ಆದೀತು, ಅಷ್ಟೇ.

ಈ ಅಳತೆಯ ಕೊಕ್ಕೆ ಕ್ಲಾಂಪ್ ಸಾಗರದಲ್ಲಿ ಸಿಗಲಿಲ್ಲ. ಭಾವ ಬೆಂಗಳೂರಿನಲ್ಲಿದ್ದಾರೆ, ಜೆ.ಸಿ. ರಸ್ತೆಗೆ ಹೋಗಿ ತರ್ತೀನಿ ಅಂದರು. ಹೋಗುವಾಗ ಒಂದು ಅಯಸ್ಕಾಂತ ಜೇಬಿನಲ್ಲಿಟ್ಟುಕೊಳ್ಳಿ ಭಾವ ಅಂತ ಹೇಳಿದ್ದೆ. ಒಳ್ಳೆ 304 ಸ್ಟೇನ್‌ಲೆಸ್ ಆದರೆ ಅಯಸ್ಕಾಂತ ಹಿಡಿಯುವುದಿಲ್ಲ, ಅಥವಾ ಬಗ್ಗಿಸಿದ ಜಾಗದಲ್ಲಿ ಸ್ವಲ್ಪ ಎಳೆಯುತ್ತದೆ. ಪಟ್ಟಿ ಉದ್ದಕ್ಕೂ ಟಪ್ ಅಂತ ಅಂಟಿದರೆ ಅದು ಸತುವಿನ ಲೇಪ ಕೊಟ್ಟ ಕಬ್ಬಿಣ ಇರುವುದೇ ಜಾಸ್ತಿ. ನಮ್ಮ ಕಡೆಯ ಮಳೆಗೆ ಆ ಲೇಪ ಎಷ್ಟು ದಿನ ತಡೆದೀತು? ಅವರು ಮೊದಲ ಎರಡು ಅಂಗಡಿಯ ಕ್ಲಾಂಪ್ ವಾಪಸ್ ಕೊಟ್ಟು ಮೂರನೇ ಅಂಗಡಿಯಲ್ಲಿ ತಗೊಂಡರಂತೆ. ಪ್ರತಿ ಅಳತೆಯದ್ದೂ ಎರಡೆರಡು ತರಿಸಿದೆ, ಒಂದು ಹಾಳಾದರೆ ಇರಲಿ ಅಂತ. ಜೊತೆಗೆ ಕಿವಿ ಒತ್ತುವ ಇಕ್ಕಳ. ಮೊಳೆ ಕೀಳುವ ಇಕ್ಕಳದಲ್ಲೂ ಕಿವಿ ಒತ್ತಬಹುದು, ಬಾಯಿ ಮೊಂಡಾಗಿದ್ದರೆ ಮಾತ್ರ. ಹರಿತ ಇದ್ದರೆ ಕಿವಿಯ ಬುಡದಲ್ಲಿ ಗಾಯ ಮಾಡುತ್ತದೆ, ಅಲ್ಲಿಂದಲೇ ಮುಂದೆ ಸೀಳುವುದು. ಕಟಿಂಗ್ ಪ್ಲೈಯರ್ ಅಂತೂ ಬೇಡವೇ ಬೇಡ.

ಭಾನುವಾರ ಬೆಳಿಗ್ಗೆ ಶುರು. ಗಾಡಿ ನೆಲದ ಮೇಲಿದ್ದಾಗಲೇ ಹಬ್ ನಟ್ ಸಡಿಲಿಸಿದೆ. ಗೇರ್ ಆಯಿಲ್ ಇಳಿಸಿ, ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿ, ಆಕ್ಸಲ್ ಹೊರಗೆ ತೆಗೆದೆ. ಇದನ್ನೆಲ್ಲ ವಿವರಿಸಿ ಬರೆಯಲ್ಲ, ಆಕ್ಸಲ್ ಬಿಚ್ಚಲು ಬಂದವರಿಗೆ ಗೊತ್ತಿರುವುದೇ. ಒಳ ಜಾಯಿಂಟಿನ ಮೂರು ಉರುಳೆಗಳಿರುವ ತ್ರಿಕೋನದ ತುಂಡನ್ನು ಬಿಚ್ಚುವ ಮುಂಚೆ ಅದಕ್ಕೂ ಶಾಫ್ಟಿಗೂ ಬಿಳಿ ಬಣ್ಣದ ಗುರುತು ಹಾಕಿದೆ, ಹೇಗೆ ಇತ್ತೋ ಹಾಗೇ ಕೂರಬೇಕಲ್ಲ.

ಚಕ್ರದ ಕಡೆಯ ಜಾಯಿಂಟನ್ನು ಬಿಚ್ಚದೆಯೇ ತೊಳೆಯಬೇಕಿತ್ತು. ಮೊದಲು ಬೆರಳಲ್ಲಿ, ಬಟ್ಟೆಯಲ್ಲಿ ಆದಷ್ಟು ಗ್ರೀಸ್ ತೆಗೆದೆ. ಆಮೇಲೆ ಬ್ರೇಕ್ ಕ್ಲೀನರ್ ಹೊಡೆದು, ಜಾಯಿಂಟನ್ನು ಎಲ್ಲಾ ಕಡೆಗೂ ಬಗ್ಗಿಸಿ ತಿರುಗಿಸಿ, ಮತ್ತೆ ಹೊಡೆದೆ. ಮೊದಲ ಸಲ ಕೆಳಗಿನ ತಟ್ಟೆಗೆ ಇಳಿದದ್ದು ಇದ್ದಿಲು ಕಪ್ಪು, ತಳದಲ್ಲಿ ಕೆಂಪು ಮಣ್ಣಿನ ಸಣ್ಣ ಗೆರೆ. ನಾಲ್ಕನೇ ಸಲಕ್ಕೆ ತಿಳಿಯಾಯಿತು. ಆರೂ ಗುಂಡುಗಳನ್ನು ಒಂದೊಂದಾಗಿ ಬೆಳಕಿಗೆ ತಂದು ನೋಡಿದೆ, ಕಾಲುವೆಯಲ್ಲಿ ಮಸುಕು ಹೊಳಪು ಇತ್ತು, ಗುಳಿ ಇರಲಿಲ್ಲ. ಉಸಿರು ಬಿಟ್ಟೆ. ಒಂದು ಗಂಟೆ ಬಿಸಿಲಿಗೆ ಇಟ್ಟು ಪೂರ್ತಿ ಒಣಗಿಸಿದೆ. ಬೂಟುಗಳನ್ನು ಮಾತ್ರ ಸೀಮೆಎಣ್ಣೆಯಲ್ಲೋ ಕ್ಲೀನರ್‌ನಲ್ಲೋ ತೊಳೆಯಬೇಡಿ, ರಬ್ಬರ್ ಉಬ್ಬಿ ಕೆಡುತ್ತದೆ.

ಕಿಟ್ಟಿನ ಗ್ರೀಸ್ ಪೊಟ್ಟಣ ಪೂರ್ತಿ ಆ ಜಾಯಿಂಟಿಗೇ ತುಂಬಿದೆ, ಅರ್ಧ ಗುಂಡುಗಳ ನಡುವೆ ಒತ್ತಿ, ಅರ್ಧ ಬೂಟಿನ ಒಳಗೆ. ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್ ಅದು. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಇಲ್ಲಿ ಬೇಡ. ಒಳ ಜಾಯಿಂಟಿಗೆ ಅದರ ಕಿಟ್ಟಿನಲ್ಲಿ ಬಂದ ಬೇರೆ ಬಣ್ಣದ ಗ್ರೀಸ್ ಹಾಕಿದೆ, ಎರಡನ್ನೂ ಬೆರೆಸಲಿಲ್ಲ.

ಇನ್ನು ಕ್ಲಾಂಪ್. ಬೂಟ್ ಕೂರುವ ಜಾಗ, ಬೂಟಿನ ಅಂಚಿನ ಒಳಮೈ, ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ ಒರೆಸಿ ಗ್ರೀಸಿನ ಜಿಡ್ಡೇ ಇಲ್ಲದ ಹಾಗೆ ಮಾಡಿದೆ. ಇಲ್ಲಿ ಜಿಡ್ಡು ಉಳಿದರೆ ಎಂಥ ಕ್ಲಾಂಪ್ ಹಾಕಿದರೂ ಬೂಟ್ ಜಾರುತ್ತದೆ. ದೊಡ್ಡ ಬಾಯಿಯ ಕ್ಲಾಂಪ್ ಸುತ್ತಿ ಕೊಕ್ಕೆ ಸಿಕ್ಕಿಸಿದೆ, ಕೈಯಲ್ಲಿ ತಿರುಗಿಸಿದರೆ ತಿರುಗುವಷ್ಟು ಸಡಿಲ ಇತ್ತು. ಕಿವಿಯನ್ನು ಒಂದೇ ಸಲಕ್ಕೆ ಒತ್ತದೆ, ಸ್ವಲ್ಪ ಒತ್ತಿ, ಪಟ್ಟಿ ಕಾಲುವೆಯಲ್ಲಿ ಸುತ್ತಲೂ ಕೂತಿದೆಯಾ ನೋಡಿ, ಮತ್ತೆ ಒತ್ತಿದೆ. ಕೊನೆಗೆ ಕಿವಿಯ ಕಾಲುಗಳ ನಡುವೆ 4 ಮಿಲಿಮೀಟರಿನಷ್ಟು ಸಂದು ಉಳಿಯಿತು, ಅಂದ್ರೆ ಲೆಕ್ಕದ ಹತ್ತಿರವೇ. ಬೆರಳುಗಳಲ್ಲಿ ಬಲವಾಗಿ ತಿರುಗಿಸಲು ನೋಡಿದೆ, ಒಂದು ಕೂದಲೆಳೆಯೂ ಅಲುಗಲಿಲ್ಲ. ಪಟ್ಟಿಯ ಎರಡೂ ಬದಿಯಲ್ಲಿ ರಬ್ಬರ್ ಸುತ್ತಲೂ ಒಂದೇ ಸಮ ಉಬ್ಬಿತ್ತು. ಆ ಸ್ಕ್ರೂ ಕ್ಲಿಪ್ಪಿನಲ್ಲಿ ಇಲ್ಲದಿದ್ದದ್ದು ಈ ಒಂದೇ ಸಮದ ಉಬ್ಬು.

ಸಣ್ಣ ಬಾಯಿಯ ಮೊದಲ ಕ್ಲಾಂಪ್ ಹಾಳಾಯಿತು. ಪಟ್ಟಿಯ ಒಂದು ಅಂಚು ಏಣಿನ ಮೇಲೆ ಹತ್ತಿದ್ದನ್ನು ಕಿವಿ ಒತ್ತಿದ ಮೇಲೆ ನೋಡಿದೆ. ಕತ್ತರಿಸಿ ಎರಡನೆಯದು ಹಾಕಿದೆ. ಎರಡೆರಡು ತರಿಸಿದ್ದು ಒಳ್ಳೆಯದೇ ಆಯಿತು.

ಒಳ ಜಾಯಿಂಟಿನ ಬೂಟಿಗೆ ಇನ್ನೊಂದು ಕೆಲಸ ಇದೆ. ಆ ಜಾಯಿಂಟ್ ಒಳಗೂ ಹೊರಗೂ ಜಾರುತ್ತದೆ. ಪೂರ್ತಿ ಎಳೆದಾಗಲೋ ಪೂರ್ತಿ ಒತ್ತಿದಾಗಲೋ ಕ್ಲಾಂಪ್ ಬಿಗಿ ಮಾಡಿದರೆ ಬೂಟ್ ಒಳಗೆ ಗಾಳಿ ಜಾಸ್ತಿಯೋ ಕಡಿಮೆಯೋ ಸಿಕ್ಕಿಕೊಂಡು, ಬೂಟ್ ಉಬ್ಬಿಯೋ ಒಳಕ್ಕೆ ಹೀರಿಕೊಂಡೋ ಇರುತ್ತದೆ, ಮಡಿಕೆಗಳು ಒಂದಕ್ಕೊಂದು ಉಜ್ಜಿ ಬೇಗ ಸವೆಯುತ್ತವೆ. ದೊಡ್ಡ ಬಾಯಿ ಬಿಗಿ ಮಾಡಿ, ಜಾಯಿಂಟನ್ನು ಓಡಾಟದ ನಡುವೆ ನಿಲ್ಲಿಸಿ, ಸಣ್ಣ ಬಾಯಿಯ ಕೆಳಗೆ ತುದಿ ಮೊಂಡಾದ ತೆಳು ಸ್ಕ್ರೂಡ್ರೈವರ್ ತೂರಿಸಿದೆ. ಪುಸ್ ಅಂತ ಗಾಳಿ ಹೋಯಿತು, ಮಡಿಕೆಗಳು ತಾವೇ ತಮ್ಮ ಆಕಾರಕ್ಕೆ ಬಂದವು. ಸ್ಕ್ರೂಡ್ರೈವರ್ ಎಳೆದುಕೊಂಡು ಕ್ಲಾಂಪ್ ಒತ್ತಿದೆ.

ಆಕ್ಸಲ್ ವಾಪಸ್ ಹಾಕಿ, ಹೊಸ ಹಬ್ ನಟ್ ಬಿಗಿ ಮಾಡಿ, ಗೇರ್ ಆಯಿಲ್ ತುಂಬಿದೆ. ಚಕ್ರ ಹಾಕುವ ಮೊದಲು ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಲು ಹೇಳಿ, ಹಬ್ಬನ್ನು ಕೈಯಲ್ಲಿ ಸುತ್ತಿಸಿ, ಕಿವಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಿದೆ. ಸ್ಟೀರಿಂಗ್ ಹಿಡಿದಿದ್ದವಳು ತಂಗಿ, "ಅಣ್ಣಾ ಇನ್ನೆಷ್ಟು ಸಲ ತಿರುಗಿಸಬೇಕು" ಅಂತ ಕೇಳಿದಳು. ಇನ್ನೊಂದು ಸಲ ತಿರುಗಿಸು ಅಂದೆ. ಕಿವಿಗೂ, ಹಬ್ ಕೂರುವ ಎರಕದ ತುಂಡು ಅಂದ್ರೆ ನಕಲ್‌ಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗುವಷ್ಟು ಜಾಗ ಇತ್ತು.

ಇಪ್ಪತ್ತು ದಿನ, ಹತ್ತಿರ ಹತ್ತಿರ 600 ಕಿಲೋಮೀಟರ್ ಆದಮೇಲೆ ಮತ್ತೆ ಚಕ್ರ ಬಿಚ್ಚಿದೆ. ಮಧ್ಯೆ ಎರಡು ದಿನ ಜೋರು ಮಳೆ ಬಂದಿತ್ತು, ಬೂಟಿನ ಮೇಲೆ ಕೆಮ್ಮಣ್ಣು ಒಣಗಿ ಹಕ್ಕಳೆ ಕಟ್ಟಿತ್ತು. ಅದನ್ನು ಉದುರಿಸಿ, ಬಿಳಿ ಬಟ್ಟೆಯ ತುಂಡಿನಲ್ಲಿ ಎರಡೂ ಅಂಚನ್ನು ಸುತ್ತ ಒರೆಸಿದೆ. ಬಟ್ಟೆಗೆ ಹತ್ತಿದ್ದು ಬರೀ ಮಣ್ಣು, ಕಪ್ಪು ಒಂದು ಚುಕ್ಕೆಯೂ ಇಲ್ಲ. ಬಲಗಡೆಯ ಬೂಟುಗಳಿಗೂ ದಾರ ಸುತ್ತಿ ಅಳತೆ ಬರೆದಿಟ್ಟಿದ್ದೇನೆ, ಭಾವ ದೀಪಾವಳಿಗೆ ಬರುವಾಗ ಆ ಕ್ಲಾಂಪುಗಳನ್ನೂ ತರ್ತಾರೆ.